ಅಂಗೈಯಗಲದ ತೆರೆಯ ಮೇಲೆ ಸುವಾರ್ತೆ: ಕೆಲವು ವಿಚಾರಗಳು

ರಂಜನೆಯೇ ಬೇರೆ, ಚಿಂತನೆಯೇ ಬೇರೆ ಎಂಬ ವಿಂಗಡಣೆ ನಮ್ಮ ಕನ್ನಡ ನಾಡಿಗೆ ಎಂದೂ ಅಷ್ಟಾಗಿ ಒಗ್ಗಿದ್ದಲ್ಲ. ಹರಿಕಥೆಯ ದಾಸರು ನಗಿಸುತ್ತ ನಗಿಸುತ್ತಲೇ ಕೇಳುಗನ ಮನಸ್ಸಿನಲ್ಲಿ ಒಂದು ಮುಳ್ಳನ್ನು ಊರಿ ಹೋಗುತ್ತಿದ್ದರು. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಳೆಯ ಪೆಟ್ಟು, ಅರ್ಥಧಾರಿಗಳ ಮಾತು, ಇಷ್ಟೇ. ಭೀಷ್ಮನೂ ಪರಶುರಾಮನೂ ಗಂಟೆಗಟ್ಟಲೆ ವಾದಿಸುತ್ತಾರೆ. ಆದರೆ ಯಾರ ಮಾತು ಸರಿ ಎಂಬ ತೀರ್ಪು ರಂಗದ ಮೇಲೆ ಬರುವುದಿಲ್ಲ. ಅದು ಮರುದಿನ ಚಹದಂಗಡಿಯ ಬೆಂಚಿನ ಮೇಲೆ ಕೇಳುಗರ ನಡುವೆ ನಡೆಯುವ ಜಗಳದಲ್ಲಿ ಬರುತ್ತದೆ. ಒಳ್ಳೆಯ ಕಲೆ ಮುಗಿದ ಮೇಲೆ ಶುರುವಾಗುವ ಕೆಲಸ ಒಂದಿದೆ ಎಂಬುದನ್ನು ನಮ್ಮ ಹಿರಿಯರು ಯಾವ ಶಾಸ್ತ್ರಗ್ರಂಥವನ್ನೂ ಓದದೆಯೇ ತಿಳಿದಿದ್ದರು.

ಈ ಹಳೆಯ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ರಂಜನೆ, ಚಿಂತನೆ ಎರಡೂ ಈಗ ಅಂಗೈಯಗಲದ ತೆರೆಗೆ ಇಳಿದು ಬಂದಿವೆ. ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. 2016ರಲ್ಲಿ ಜಿಯೊ ಬಂದು ಅಂತರ್ಜಾಲದ ದರ ಕುಸಿದ ಮೇಲೆ ಅದು ಅಡುಗೆಮನೆಯ ಕಟ್ಟೆಯವರೆಗೂ ತಲುಪಿತು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದದ್ದೇ ತಡ, ಆ ವರ್ಷದೊಳಗೇ ರೀಲ್ಸ್ ಮತ್ತು ಶಾರ್ಟ್ಸ್ ಎಂಬ ತುಣುಕುಚಿತ್ರಗಳು ಆ ತೆರವಾದ ಜಾಗವನ್ನು ತುಂಬಿಬಿಟ್ಟವು. ಅಡುಗೆ, ಹಾಸ್ಯ, ರಾಜಕೀಯ, ವೈದ್ಯ, ಜ್ಯೋತಿಷ್ಯ ಎಲ್ಲವೂ ಅಲ್ಲಿವೆ. ದೇವರೂ ಇದ್ದಾನೆ. ದೆಹಲಿಯಲ್ಲಿ ನೆಲೆಸಿರುವ ನಮ್ಮಂಥ ಕ್ರೈಸ್ತ ಕನ್ನಡಿಗರ ಮೊಬೈಲಿಗೆ ಬೆಳಗಾಗುವುದರೊಳಗೆ ಬಂದು ಬೀಳುವ ವಿಡಿಯೊಗಳಲ್ಲಿ ಸುವಾರ್ತೆಗೆ ಸಂಬಂಧಿಸಿದವು ಕಡಮೆಯೇನಿಲ್ಲ. ಅವುಗಳಲ್ಲಿ ಯಾವುದು ನೋಡತಕ್ಕದ್ದು, ಯಾವುದು ಬಿಡತಕ್ಕದ್ದು, ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಬಗ್ಗೆ ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಕ್ರೈಸ್ತರಲ್ಲದ ವಾಚಕರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ಮಗುಚಬೇಕಾಗಿಲ್ಲ. ಹೆಸರುಗಳನ್ನು ಬದಲಿಸಿಕೊಂಡರೆ ಪ್ರಶ್ನೆ ಎಲ್ಲರ ಮನೆಯದೂ ಒಂದೇ.

ಮೊದಲು ನಮ್ಮ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇಕಡ 1.87, ದೆಹಲಿಯಲ್ಲಿ ಶೇಕಡ 0.87. ಅಂದರೆ ಊರಿನಲ್ಲಿ ನೂರಕ್ಕೆ ಇಬ್ಬರಿಗಿಂತ ಕಡಮೆ, ಇಲ್ಲಿ ಒಬ್ಬನಿಗಿಂತಲೂ ಕಡಮೆ. ಆ ಒಬ್ಬನೊಳಗೆ ಕನ್ನಡಿಗರೆಷ್ಟು ಎಂದು ಕೇಳಿದರೆ ನಾವು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು. ಮನೆಯಲ್ಲಿ ಕೆಲವರದು ಕೊಂಕಣಿ, ಕೆಲವರದು ತುಳು, ಕೆಲವರದು ತಮಿಳು. ಹಲವರಿಗೆ ಕನ್ನಡ ಶಾಲೆಯ ಭಾಷೆ, ಹಾಗೆಯೇ ಪ್ರಾರ್ಥನೆಯ ಭಾಷೆ. ಗೋಲ್ ಡಾಕ್‌ಖಾನೆಯ ಬಳಿಯ ಕೆಥೀಡ್ರಲ್ ಆಗಲಿ, ಕಾಶ್ಮೀರಿ ಗೇಟಿನ 1836ರ ಸೇಂಟ್ ಜೇಮ್ಸ್ ಚರ್ಚಾಗಲಿ ನಮ್ಮನ್ನು ಆದರದಿಂದಲೇ ಬರಮಾಡಿಕೊಳ್ಳುತ್ತವೆ. ಆದರೆ ಅಲ್ಲಿ ಕಿವಿಗೆ ಬೀಳುವುದು ಇಂಗ್ಲಿಷು, ಇಲ್ಲವೆ ಹಿಂದಿ. ದ್ವಾರಕಾದಲ್ಲೋ ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡದ ಕೀರ್ತನೆಯೆಂದರೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಕೇಳುವ ವಸ್ತು.

ಆದ್ದರಿಂದ ಈ ಸಣ್ಣ ತೆರೆಯನ್ನು ಬರಿದೆ ಹಳಿಯುವ ಹಕ್ಕು ನಮಗಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಆ ವರ್ಷದ ಈಸ್ಟರ್ ಏಪ್ರಿಲ್ 12ರಂದು ಬಂದಾಗ ಚರ್ಚುಗಳಿಗೆ ಬೀಗ ಬಿದ್ದಿತ್ತು. ಆಗ ಊರಿನ ಚರ್ಚುಗಳು ಬರಿದಾದ ಬೆಂಚುಗಳ ಮುಂದೆ ನಡೆಸಿದ ಆರಾಧನೆ ಫೋನಿನ ಮೂಲಕ ದೆಹಲಿಯ ಬಹುಮಹಡಿ ಕಟ್ಟಡಗಳಿಗೆ ಬಂತು. ವರ್ಷಗಟ್ಟಲೆ ಕನ್ನಡದಲ್ಲಿ ಪ್ರಾರ್ಥನೆ ಕೇಳದ ಕಿವಿಗಳಿಗೆ ಅದು ಕೇಳಿಸಿತು. ಬಾಗಿಲು ಮುಚ್ಚಿದ ಕಾಲದಲ್ಲಿ ಈ ತೆರೆ ಒಂದು ಕಿಟಕಿಯಾಯಿತು ಎಂಬುದನ್ನು ಒಪ್ಪಿಕೊಂಡೇ ಮುಂದಿನ ಮಾತು.

ತೆರೆಯ ಮೇಲೆ ದೇವರ ಕಥೆ ಬಂದದ್ದೂ ಹೊಸದಲ್ಲ. 1987ರ ಜನವರಿಯಿಂದ ದೂರದರ್ಶನದಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬರತೊಡಗಿತು. ಚರ್ಚಿಗೆ ಹೋಗುವ ಹೊತ್ತೂ ಸುಮಾರಾಗಿ ಅದೇ. ರಸ್ತೆಗಳು ಬಿಕೋ ಎನ್ನುತ್ತಿದ್ದ ಆ ಭಾನುವಾರಗಳನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. 1990ರ ದಶಕದ ಆರಂಭದಲ್ಲಿ ಅದೇ ದೂರದರ್ಶನದಲ್ಲಿ ‘ಬೈಬಲ್ ಕಿ ಕಹಾನಿಯಾಂ’ ಬಂತು. ಅದಕ್ಕೂ ಮೊದಲು, 1979ರಲ್ಲಿ, ಲೂಕನ ಸುವಾರ್ತೆಯನ್ನು ಅನುಸರಿಸಿ ತೆಗೆದ ‘ಜೀಸಸ್’ ಎಂಬ ಇಂಗ್ಲಿಷ್ ಚಿತ್ರ ತೆರೆಕಂಡು, ಮುಂದೆ ಸಾವಿರಕ್ಕೂ ಮಿಕ್ಕ ಭಾಷೆಗಳಿಗೆ ಡಬ್ ಆಯಿತು, ಕನ್ನಡವೂ ಅವುಗಳಲ್ಲೊಂದು. ಈ ಚಿತ್ರವನ್ನು ಹಳ್ಳಿಗಳಲ್ಲಿ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸುತ್ತಿದ್ದರು. ಆ ಕಾಲದ ಚಿತ್ರಗಳ ಗುಣದೋಷಗಳು ಏನೇ ಇರಲಿ, ಎರಡು ಸಂಗತಿಗಳು ಖಚಿತವಾಗಿದ್ದವು: ನೋಡುವವರು ಹತ್ತಾರು ಜನ ಒಟ್ಟಿಗೆ ಕುಳಿತು ನೋಡುತ್ತಿದ್ದರು, ಚಿತ್ರ ಒಂದು ಹೊತ್ತಿಗೆ ಮುಗಿಯುತ್ತಿತ್ತು. ಇಂದಿನ ಅಂಗೈ ತೆರೆಯಲ್ಲಿ ಇವೆರಡೂ ಇಲ್ಲ. ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ತೆರೆ, ನಾಲ್ಕು ಕಿವಿಯುಲಿಗಳು. ಒಂದು ವಿಡಿಯೊ ಮುಗಿಯುವ ಮುನ್ನವೇ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನಮ್ಮ ದೃಷ್ಟಿಯಲ್ಲಿ ನಿಜವಾದ ಸಮಸ್ಯೆ ಇಲ್ಲಿದೆ.

ಹಾಗಾದರೆ ಅಳತೆಗೋಲು ಯಾವುದು? ಅದನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಯೇಸುವೇ ಹೇಳಿದ ಸಾಮತಿಗಳಲ್ಲಿ, ಅಂದರೆ ದೃಷ್ಟಾಂತ ಕಥೆಗಳಲ್ಲಿ, ಅದು ಇದೆ. ದುಂದುಗಾರ ಮಗನ ಕಥೆ ಎಲ್ಲರಿಗೂ ಗೊತ್ತು. ಆಸ್ತಿಯ ಪಾಲು ಕೇಳಿ ಹೋದ ಕಿರಿಯವನು ಎಲ್ಲ ಕಳೆದುಕೊಂಡು ಮರಳುತ್ತಾನೆ, ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ, ಔತಣ ಏರ್ಪಡುತ್ತದೆ. ನಮ್ಮಲ್ಲಿ ಬಹಳ ಮಂದಿ ಕಥೆ ಇಲ್ಲಿಗೆ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಲೂಕ ಅಲ್ಲಿಗೆ ನಿಲ್ಲಿಸುವುದಿಲ್ಲ. ಹೊಲದಿಂದ ಬಂದ ಹಿರಿಯ ಮಗ ಸಂಗೀತದ ಸದ್ದು ಕೇಳಿ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ತಂದೆ ಹೊರಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಆಮೇಲೆ? ಹಿರಿಯ ಮಗ ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ. ಹಾಗೆಯೇ ಒಳ್ಳೆಯ ಸಮಾರ್ಯದವನ ಕಥೆ ಮುಗಿಯುವುದು ಕೇಳುಗನಿಗೇ ಹಾಕಿದ ಒಂದು ಪ್ರಶ್ನೆಯಲ್ಲಿ: ಮೂವರಲ್ಲಿ ನೆರೆಯವನಾದವನು ಯಾರು? ಕಳ್ಳರು, ಕತ್ತೆ, ಛತ್ರದವನು, ಬೆಳ್ಳಿಯ ನಾಣ್ಯ ಎಲ್ಲ ಇರುವ ಈ ಕಥೆ ರಂಜನೆಗೇನೂ ಕಡಮೆಯಲ್ಲ. ಆದರೆ ಕೊನೆಯ ಹೆಜ್ಜೆಯನ್ನು ಕಥೆಗಾರ ತಾನು ಇಡುವುದಿಲ್ಲ, ಕೇಳುಗನಿಗೆ ಬಿಡುತ್ತಾನೆ. ರಂಜನೆಯೂ ಚಿಂತನೆಯೂ ಒಂದಾಗುವ ಗುಟ್ಟು ಇದೇ. ತೆರೆಯ ಮೇಲಿನ ಯಾವ ಕಥೆಯೇ ಆಗಲಿ, ಅದು ಮುಗಿದ ಮೇಲೆ ನಮಗಾಗಿ ಏನನ್ನಾದರೂ ಉಳಿಸುತ್ತದೆಯೇ ಎಂದು ಕೇಳಬೇಕು.

ಈ ಅಳತೆಗೋಲನ್ನು ಹಿಡಿದು ಮೊದಲಿಗೆ ಅಮೆರಿಕದ ‘ದಿ ಚೋಸನ್’ ಧಾರಾವಾಹಿಯನ್ನು ನೋಡೋಣ. ನಮ್ಮ ತರುಣರ ನಡುವೆ ಬಹಳ ಹೆಸರಾಗಿರುವ ಇದರ ನಿರ್ದೇಶಕ ಡಲಾಸ್ ಜೆಂಕಿನ್ಸ್. ದೊಡ್ಡ ಚಿತ್ರಸಂಸ್ಥೆಗಳ ಹಣವಿಲ್ಲದೆ, ಒಂದು ಕಿರುಚಿತ್ರವನ್ನು ಅಂತರ್ಜಾಲದಲ್ಲಿ ತೋರಿಸಿ, ಸುಮಾರು 16,000 ಜನರಿಂದ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿ ಇದನ್ನು ಆರಂಭಿಸಿದರು. ಊರ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುವ ಪದ್ಧತಿ ನಮಗೇನೂ ಹೊಸದಲ್ಲವಾದ್ದರಿಂದ ಈ ಸಂಗತಿ ನಮಗೆ ಹಿಡಿಸಿತು. 2019ರಲ್ಲಿ ಬಂದ ಮೊದಲ ಭಾಗದಲ್ಲಿ ಎಂಟು ಕಂತುಗಳಿವೆ. ಹಿಂದಿನ ಚಿತ್ರಗಳ ಯೇಸು ನೀಲಿ ಕಣ್ಣಿನವನು, ನಗದವನು, ನೆಲಕ್ಕೆ ಕಾಲೂರದವನು. ಇಲ್ಲಿ ಜೋನಥನ್ ರೂಮಿ ಅಭಿನಯಿಸಿರುವ ಯೇಸು ಮರಗೆಲಸ ಮಾಡುತ್ತಾನೆ, ತಮಾಷೆ ಮಾಡುತ್ತಾನೆ, ದಣಿಯುತ್ತಾನೆ. ಮೂರನೆಯ ಕಂತು ಪೂರ್ತಿ ಅವನ ಬಿಡಾರಕ್ಕೆ ಬರುವ ಮಕ್ಕಳದು. ಸುಂಕವಸೂಲಿಯ ಮತ್ತಾಯನ ಪಾತ್ರವಂತೂ ಅಪೂರ್ವ: ಜನರೊಡನೆ ಬೆರೆಯಲಾರದ, ಲೆಕ್ಕದಲ್ಲಿ ಮಾತ್ರ ನೆಮ್ಮದಿ ಕಾಣುವ ಏಕಾಂಗಿ ತರುಣ. ಆ ಪಾತ್ರವನ್ನು ಮಾಡಿರುವವರು ಭಾರತೀಯ ಮೂಲದ ನಟ ಪಾರಸ್ ಪಟೇಲ್. ಎಲ್ಲರೂ ಹೇಸುವ ಒಬ್ಬನನ್ನು ಹೆಸರು ಹಿಡಿದು ಕರೆದದ್ದರ ಅರ್ಥವೇನೆಂಬುದು ಹಲವು ಪ್ರಸಂಗಗಳಿಗಿಂತ ಈ ಅಭಿನಯದಲ್ಲಿ ಚೆನ್ನಾಗಿ ತಿಳಿಯುತ್ತದೆ.

ಮೂರನೆಯ ಭಾಗದ ಒಂದು ದೃಶ್ಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸುವಾಗ ರೋಗ ವಾಸಿಮಾಡುವ ಶಕ್ತಿಯನ್ನೂ ಯೇಸು ಅವರಿಗೆ ಕೊಡುತ್ತಾನೆ. ಆಗ ಚಿಕ್ಕ ಯಾಕೋಬನೆಂಬ ಶಿಷ್ಯ ಕುಂಟುತ್ತ ಬಂದು ಒಂದು ಮಾತು ಕೇಳುತ್ತಾನೆ: ಬೇರೆಯವರನ್ನು ವಾಸಿಮಾಡಲು ನನ್ನನ್ನು ಕಳುಹಿಸುತ್ತೀಯೆ, ನನ್ನನ್ನೇ ಏಕೆ ವಾಸಿಮಾಡಲಿಲ್ಲ? ಪಾತ್ರಧಾರಿ ಜೋರ್ಡನ್ ವಾಕರ್ ರಾಸ್ ಅವರ ನಡಿಗೆಯ ತೊಂದರೆ ಅಭಿನಯವಲ್ಲ, ನಿಜವಾದದ್ದು. ಅದನ್ನೇ ಕಥೆಯೊಳಕ್ಕೆ ತಂದಿದ್ದಾರೆ. ಕಾಯಿಲೆ ಮನೆಯಲ್ಲಿದ್ದು, ಪ್ರಾರ್ಥನೆಯೂ ನಡೆಯುತ್ತಿದ್ದು, ಗುಣ ಕಾಣದ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ! ಚಿಕಿತ್ಸೆಗೆಂದು ಊರಿನಿಂದ ದೆಹಲಿಗೆ ಬಂದು ಏಮ್ಸ್ ಆಸ್ಪತ್ರೆಯ ಸುತ್ತಮುತ್ತ ಕೋಣೆ ಹುಡುಕುವ ಬಂಧುಗಳನ್ನು ಸಂಘದ ಸದಸ್ಯರೆಲ್ಲ ಬಲ್ಲರು. ಅವರ ಬಾಯಲ್ಲಿ ಬಾರದೆ ಉಳಿದ ಪ್ರಶ್ನೆಯನ್ನು ಈ ಧಾರಾವಾಹಿ ಧೈರ್ಯವಾಗಿ ಯೇಸುವಿನ ಎದುರಿಗೇ ಇಡಿಸಿತು. ಇದು ದೊಡ್ಡ ಸಾಧನೆ.

ಆದರೆ ವಿಮರ್ಶಕನ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಸುವಾರ್ತೆಗಳಲ್ಲಿ ಈ ಯಾಕೋಬನ ಕಾಲಿನ ವಿಷಯ ಇಲ್ಲವೇ ಇಲ್ಲ. ಮಾರ್ಕನು ‘ಚಿಕ್ಕ’ ಎಂದು ಕರೆದದ್ದು ಎತ್ತರಕ್ಕೋ ವಯಸ್ಸಿಗೋ ಎಂಬುದಷ್ಟೇ ಪಂಡಿತರ ಚರ್ಚೆ. ಕಲ್ಪನೆ ತಪ್ಪಲ್ಲ. ಮೂಲದಲ್ಲಿಲ್ಲದ್ದನ್ನು ಕಲ್ಪಿಸಿ ಮೂಲಕ್ಕೆ ಬೆಳಕು ಹಿಡಿಯುವುದು ಕುಮಾರವ್ಯಾಸನ ನಾಡಿನವರಿಗೆ ಹೊಸ ಪಾಠವೇನಲ್ಲ. ತೊಂದರೆಯಿರುವುದು ಬೇರೆ ಎರಡು ಕಡೆ. ಒಂದು, ಮೂಲವನ್ನು ಓದದೆ ತೆರೆಯನ್ನಷ್ಟೇ ನೋಡುವ ಮಗುವಿಗೆ ಕಲ್ಪನೆ ಯಾವುದು, ಮೂಲ ಯಾವುದು ಎಂಬ ಗೆರೆ ಅಳಿಸಿಹೋಗುತ್ತದೆ. ಎರಡು, ಪ್ರಶ್ನೆಯನ್ನು ಎತ್ತಿದ ಮೇಲೆ ಧಾರಾವಾಹಿಗೆ ತಾಳ್ಮೆ ಸಾಲದು. ಉತ್ತರದ ಮಾತುಗಳು ಬಹಳವಾಗುತ್ತವೆ. ಹಿನ್ನೆಲೆಯ ವಾದ್ಯಗಳು ಇದೀಗ ಅಳತಕ್ಕದ್ದು ಎಂದು ಸೂಚನೆ ಕೊಡುತ್ತವೆ. ಹೀಗೆ ನಮಗೆ ಬಿಡಬೇಕಾಗಿದ್ದ ಕೊನೆಯ ಹೆಜ್ಜೆಯನ್ನು ಸಂಗೀತ ತಾನೇ ಇಟ್ಟುಬಿಡುತ್ತದೆ. ಎರಡನೆಯ ಭಾಗದ ಕೊನೆಯಲ್ಲಿ ಯೇಸು ಗುಡ್ಡದ ಮೇಲಿನ ಪ್ರಸಂಗವನ್ನು ಮತ್ತಾಯನೊಡನೆ ಕುಳಿತು ಮುಂಚಿತವಾಗಿ ಸಿದ್ಧಪಡಿಸುವಂತೆ ತೋರಿಸಿರುವುದನ್ನೂ ಕೆಲವರು ಒಪ್ಪಲಾರರು. ನಮಗೆ ಮಾತ್ರ ಆ ದೃಶ್ಯ ಹಿಡಿಸಿತು; ಮಾತನ್ನು ತೂಗಿ ಆಡಬೇಕೆಂಬ ಪಾಠ ಇಂದಿನ ದಿನಕ್ಕೆ ಬೇಕಾದದ್ದೇ.

ಎರಡನೆಯ ಉದಾಹರಣೆ ಇದಕ್ಕೆ ಪೂರ್ತಿ ವಿರುದ್ಧ ಜಾತಿಯದು: ಟಿಮ್ ಮ್ಯಾಕಿ ಮತ್ತು ಜಾನ್ ಕಾಲಿನ್ಸ್ ಎಂಬಿಬ್ಬರು ಗೆಳೆಯರು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2014ರಲ್ಲಿ ಆರಂಭಿಸಿದ ‘ಬೈಬಲ್ ಪ್ರಾಜೆಕ್ಟ್’. ಇಲ್ಲಿ ನಟರಿಲ್ಲ, ಕಣ್ಣೀರಿಲ್ಲ. ಐದರಿಂದ ಹತ್ತು ನಿಮಿಷದ ಚಲಿಸುವ ರೇಖಾಚಿತ್ರಗಳು, ಇಬ್ಬರ ಹಿನ್ನೆಲೆ ಸಂಭಾಷಣೆ. ಬೈಬಲಿನ ಒಂದೊಂದು ಗ್ರಂಥದ ಕಟ್ಟಡ ಹೇಗಿದೆ, ಒಂದು ಪದ ಎಲ್ಲೆಲ್ಲಿ ಮರಳಿ ಬರುತ್ತದೆ ಎಂದು ವಿವರಿಸುತ್ತಾರೆ. ಪ್ರಸಂಗಿಯ ಗ್ರಂಥದ ಕುರಿತ ಚಿತ್ರವನ್ನೇ ತೆಗೆದುಕೊಳ್ಳಿ. ಕನ್ನಡ ಸತ್ಯವೇದದಲ್ಲಿ ಮತ್ತೆ ಮತ್ತೆ ಬರುವ ‘ವ್ಯರ್ಥ’ ಎಂಬ ಮಾತಿಗೆ ಹೀಬ್ರೂ ಮೂಲದಲ್ಲಿ ‘ಹೆವೆಲ್’ ಎಂದಿದೆ. ಅದರ ನೇರವಾದ ಅರ್ಥ ಆವಿ, ಉಸಿರು, ಹೊಗೆಯಂಥದ್ದು. ಬದುಕು ಕೆಲಸಕ್ಕೆ ಬಾರದ್ದು ಎಂದಷ್ಟೇ ಪ್ರಸಂಗಿ ಹೇಳುತ್ತಿಲ್ಲ. ಕಣ್ಣಿಗೆ ಕಾಣುತ್ತದೆ, ಆಕಾರವಿರುವಂತೆ ತೋರುತ್ತದೆ, ಹಿಡಿಯಹೋದರೆ ಕೈಗೆ ಬಾರದು ಎನ್ನುತ್ತಿದ್ದಾನೆ. ಜನವರಿಯ ಬೆಳಿಗ್ಗೆ ಮಂಜು ಮುಸುಕಿದ ದೆಹಲಿಯ ರಸ್ತೆಯಲ್ಲಿ ಗಾಡಿ ನಡೆಸಿದವರಿಗೆ ಈ ಮಾತಿಗೆ ಬೇರೆ ವ್ಯಾಖ್ಯಾನ ಬೇಡ. ಒಂದು ಪದದ ಬೆನ್ನು ಹತ್ತಿ ಗ್ರಂಥವನ್ನು ಮತ್ತೆ ತೆರೆಸುವ ವಿಡಿಯೊ ನಿಜವಾಗಿಯೂ ಚಿಂತನೆಯನ್ನು ಹುಟ್ಟಿಸುವಂಥದ್ದು. ಯೋಬನ ಗ್ರಂಥದಲ್ಲಿ ಯೋಬನಿಗೆ ತನ್ನ ಸಂಕಟದ ಕಾರಣ ಕೊನೆಯವರೆಗೂ ತಿಳಿಯುವುದಿಲ್ಲ ಎಂಬುದನ್ನೂ ಅವರು ಮರೆಮಾಚುವುದಿಲ್ಲ.

ಇಲ್ಲಿಯ ಕೊರತೆಯೆಂದರೆ ಅತಿಯಾದ ಅಚ್ಚುಕಟ್ಟು. ಹತ್ತು ನಿಮಿಷದಲ್ಲಿ ಇಡೀ ಗ್ರಂಥ ಗೆರೆ ಗೆರೆಯಾಗಿ ಬಿಡಿಸಿಟ್ಟಂತೆ ಕಾಣುವಾಗ, ಗ್ರಂಥವನ್ನು ಓದಿಯಾಯಿತು ಎಂಬ ಭ್ರಮೆ ಬರುವುದು ಸಹಜ. ಊರಿನ ನಕ್ಷೆಯನ್ನು ನೋಡಿದವನು ಊರನ್ನು ಕಂಡವನಲ್ಲ. ನಕ್ಷೆ ಎಷ್ಟು ಚೆನ್ನಾಗಿದ್ದರೂ ಕಾಲಿಗೆ ಧೂಳು ಹತ್ತಬೇಕು.

ಇನ್ನು ಮೂರನೆಯ ಬಗೆ. ಇದಕ್ಕೆ ಒಂದು ಹೆಸರಿಲ್ಲ, ನೂರು ಹೆಸರಿವೆ. ಅರ್ಧ ನಿಮಿಷ, ಒಂದು ನಿಮಿಷದ ತುಣುಕುಗಳು. ವೇದಿಕೆಯ ಮೇಲೆ ಊರುಗೋಲು ಎಸೆಯುವವರು, ಈ ವಿಡಿಯೊವನ್ನು ಹತ್ತು ಜನಕ್ಕೆ ಕಳುಹಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುವುದೆನ್ನುವವರು, ಲೋಕಾಂತ್ಯದ ದಿನಾಂಕ ಕೊಡುವವರು, ಜೊತೆಗೆ ಹಣ ಕಳುಹಿಸುವ ಚೌಕುಳಿ ಚಿಹ್ನೆ. ಇವುಗಳಲ್ಲಿ ರಂಜನೆಯಿಲ್ಲವೆಂದು ಹೇಳಲಾಗದು. ಆದರೆ ನಮ್ಮ ಅಳತೆಗೋಲಿನಲ್ಲಿ ಇವು ನಿಲ್ಲುವುದಿಲ್ಲ. ಇಲ್ಲಿ ನೋಡುಗನಿಗೆ ಉಳಿದಿರುವ ಕೆಲಸ ಒಂದೇ: ಬೆರಳು ಒತ್ತುವುದು. ಚಿಕ್ಕ ಯಾಕೋಬನಿಗೆ ಇಂಥ ವೇದಿಕೆಯ ಮೇಲೆ ಸ್ಥಳವಿಲ್ಲ. ಅವನು ಹತ್ತಿದರೆ ಕುಂಟುತ್ತಲೇ ಇಳಿಯುತ್ತಾನೆ. ತಪ್ಪು ಅವನ ವಿಶ್ವಾಸದ್ದೆಂದು ಹೇಳಿ ಕಳುಹಿಸುತ್ತಾರೆ. ಕಾಯಿಲೆಯವನ ಮೇಲೆ ಕಾಯಿಲೆಯ ಅಪರಾಧವನ್ನೂ ಹೊರಿಸುವ ಬೋಧನೆಯನ್ನು ಯೋಬನ ಗೆಳೆಯರು ಬಹಳ ಹಿಂದೆಯೇ ಮಾಡಿದ್ದರು. ಆ ಗ್ರಂಥದ ಕೊನೆಯಲ್ಲಿ ದೇವರ ಸಿಟ್ಟಿಗೆ ಗುರಿಯಾದವರು ಅವರೇ ಎಂಬುದನ್ನು ಈ ತುಣುಕುಗಳನ್ನು ಮಾಡುವವರು ಒಮ್ಮೆ ಓದುವುದು ಒಳ್ಳೆಯದು.

ಇವುಗಳಲ್ಲೇ ಇನ್ನೊಂದು ಪಂಗಡವಿದೆ. ಅದರ ಬಗ್ಗೆ ಮೃದುವಾಗಿ ಮಾತಾಡುವುದು ಸರಿಯಲ್ಲ. ನೆರೆಯವರ ದೇವರನ್ನು, ಪೂಜೆಯನ್ನು, ಊಟವನ್ನು ಗೇಲಿ ಮಾಡುವ ವಿಡಿಯೊಗಳು. ನಮ್ಮವರು ಮಾಡಿದವೂ ಇವೆ. ನಮ್ಮನ್ನು ಕುರಿತು ಬೇರೆಯವರು ಮಾಡಿದವೂ ಇವೆ. ಎರಡೂ ಒಂದೇ ಮಗ್ಗದ ಬಟ್ಟೆ. ಇಂಥವನ್ನು ಮುಂದಕ್ಕೆ ಕಳುಹಿಸುವವರು ಕೆಟ್ಟವರೆಂದಲ್ಲ. ಒಬ್ಬರೇ ಕುಳಿತು ನೋಡುವಾಗ ಎದುರಿಗೆ ಮನುಷ್ಯನ ಮುಖವಿರುವುದಿಲ್ಲ, ಅಷ್ಟೆ. ಆದ್ದರಿಂದ ಒಂದು ಸುಲಭವಾದ ಪರೀಕ್ಷೆಯನ್ನು ಸೂಚಿಸುತ್ತೇವೆ. ಈ ವಿಡಿಯೊವನ್ನು ರಾವ್ ತುಲಾರಾಮ್ ಮಾರ್ಗದ ನಮ್ಮ ಕರ್ನಾಟಕ ಸಂಘದ ಸಭಾಂಗಣದಲ್ಲಿ ಎಲ್ಲ ಬಂಧುಗಳು ಕುಳಿತಿರುವಾಗ ತೋರಿಸಬಹುದೇ? ಮುಂದಿನ ಸಾಲಿನಲ್ಲಿ ಕುಳಿತವರು ಹೊಸ ಊರಿನಲ್ಲಿ ನಮಗೆ ಮನೆ ಹುಡುಕಿಕೊಟ್ಟವರು, ಹೆರಿಗೆಯ ಹೊತ್ತಿನಲ್ಲಿ ಸಾರು ಮಾಡಿ ತಂದವರು. ಅವರ ಮುಂದೆ ತೋರಿಸಲು ನಾಚಿಕೆಯಾಗುವ ವಿಡಿಯೊ ಯಾವ ದೇವರನ್ನೂ ಮೆಚ್ಚಿಸಲಾರದು. ನೆರೆಯವನು ಯಾರು ಎಂಬ ಪ್ರಶ್ನೆಗೆ ಬೇರೆ ಜನಾಂಗದವನನ್ನೇ ನಾಯಕನನ್ನಾಗಿ ಮಾಡಿ ಕಥೆ ಹೇಳಿದವನ ಹಿಂಬಾಲಕರು ನಾವು.

ಕನ್ನಡದ ಪ್ರಶ್ನೆ ಇನ್ನೂ ಉಳಿದಿದೆ. ಮೇಲೆ ಹೇಳಿದ ಒಳ್ಳೆಯ ಎರಡೂ ಉದಾಹರಣೆಗಳು ಮೂಲತಃ ಇಂಗ್ಲಿಷಿನವು. ಡಬ್ಬಿಂಗ್ ಬೇಕೇ ಬೇಡವೇ ಎಂದು ಕನ್ನಡ ಚಿತ್ರರಂಗ ದಶಕಗಳ ಕಾಲ ಕಾದಾಡಿತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ತೀರ್ಪಿತ್ತಿತು. 2020ರ ದಿಗ್ಬಂಧನದ ದಿನಗಳಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡುತ್ತ ಕಿರುತೆರೆಗೆ ಬಂತು. ಜ್ಞಾನ ಯಾವ ಭಾಷೆಯಿಂದ ಬಂದರೂ ಕನ್ನಡಕ್ಕೆ ಬರಲಿ ಎಂಬವರೇ ನಾವು. ಆದರೆ ಡಬ್ ಆದ ತುಟಿಗಳ ಮೇಲೆ ಕನ್ನಡವನ್ನು ಸುರಿಯುವುದು ಒಂದು, ಕನ್ನಡದಲ್ಲೇ ಕಥೆ ಹುಟ್ಟುವುದು ಇನ್ನೊಂದು. ಈ ವ್ಯತ್ಯಾಸವನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಕಂಡುಕೊಂಡ ಹೊರನಾಡಿನವರಿದ್ದರು. 1853ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಧಾರವಾಡಕ್ಕೆ ಬಂದ ಫರ್ಡಿನಾಂಡ್ ಕಿಟೆಲ್ ಎಂದರೆ ನಮಗೆಲ್ಲ 1894ರ ದೊಡ್ಡ ನಿಘಂಟು ನೆನಪಾಗುತ್ತದೆ. ಅದಕ್ಕೂ ಬಹಳ ಮೊದಲು, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ಯೇಸುವಿನ ಜೀವನವನ್ನು ಈ ನೆಲದ ಛಂದಸ್ಸಿನಲ್ಲಿ, ಹಾಡಿಗೆ ಒಗ್ಗುವಂತೆ ಬರೆದರು. ಕಥೆ ಹೇಳಬೇಕಾದರೆ ಕೇಳುವವನ ಲಯ ಗೊತ್ತಿರಬೇಕೆಂದು ತಿಳಿದ ಅವರು ಮುಂದೆ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೇ ಸಂಪಾದಿಸಿದರು. ಅವರಿಗಿಂತ ಮುಂಚೆ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು, ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದವರು. ಮಿಶನರಿಗಳ ಬರಹವೆಲ್ಲ ನೆರೆಯವರಿಗೆ ಹಿತವಾಗಿತ್ತೆಂದು ನಾವು ಹೇಳುವುದಿಲ್ಲ. ಅವರು ಬಂದ ಉದ್ದೇಶವೂ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕನ್ನಡದ ಕೇಳುಗನನ್ನು ಅವರು ಗಂಭೀರವಾಗಿ ತೆಗೆದುಕೊಂಡರು.

ಇದರ ಇನ್ನೊಂದು ಮುಖ ಇನ್ನೂ ಸುಂದರವಾದದ್ದು. ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಯೇಸುವಿನ ಕಡೆಯ ದಿನವನ್ನು ವಸ್ತುವಾಗಿಟ್ಟುಕೊಂಡು ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದರು. ಅನಂತರ ಬುದ್ಧನ ಕಡೆಯ ದಿನವನ್ನು ಕುರಿತು ‘ವೈಶಾಖಿ’ ಬರೆದರು. ಶಿಲುಬೆಯ ಕಥೆಗೆ ಕನ್ನಡದಲ್ಲಿ ದೊರೆತ ಘನವಾದ ಕಾವ್ಯರೂಪಗಳಲ್ಲಿ ಒಂದು ಕ್ರೈಸ್ತನಲ್ಲದ ಕವಿಯ ಕೈಯಿಂದ ಬಂದದ್ದು. ಯಾರನ್ನೂ ಮತಾಂತರಿಸುವ ಹಂಬಲವಾಗಲಿ, ಯಾರನ್ನೂ ಹೀಗಳೆಯುವ ಆತುರವಾಗಲಿ ಇಲ್ಲದೆ, ಒಂದು ಸಾವಿನ ಎದುರು ನಿಂತು ಬೆರಗಾದ ಕವಿ ಅವರು. ಅಂಥ ಬೆರಗು ಇಂದಿನ ಎಷ್ಟು ಕ್ರೈಸ್ತ ವಿಡಿಯೊಗಳಲ್ಲಿದೆ?

ಈಗ ಬೇಕಾಗಿರುವುದು ದೊಡ್ಡ ಬಂಡವಾಳದ ಧಾರಾವಾಹಿಯಲ್ಲ. ಬಿತ್ತುವವನ ಸಾಮತಿಯನ್ನು ಬಯಲುಸೀಮೆಯ ಒಬ್ಬ ರೈತ ತನ್ನ ಕನ್ನಡದಲ್ಲಿ, ಎರೆಮಣ್ಣಿನಲ್ಲಿ ನಿಂತು ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ! ದುಂದುಗಾರ ಮಗನ ಪ್ರಸಂಗವನ್ನು ಇಬ್ಬರು ಅರ್ಥಧಾರಿಗಳು ತಾಳಮದ್ದಳೆಗೆ ಎತ್ತಿಕೊಂಡು, ಹಿರಿಯ ಮಗನ ಪರವಾಗಿ ಒಬ್ಬರು ಸಮರ್ಥವಾಗಿ ವಾದಿಸಿದರೆ ನಮಗೆಲ್ಲ ನಡುಕ ಹುಟ್ಟೀತು. ಏಕೆಂದರೆ ಮನೆಯಲ್ಲೇ ಉಳಿದು ದುಡಿದವನ ದೂರು ಸುಳ್ಳಲ್ಲ. ಊರಿನಲ್ಲಿ ತಂದೆತಾಯಿಗಳನ್ನು ನೋಡಿಕೊಂಡು ಉಳಿದ ಅಣ್ಣಂದಿರೂ, ದೂರದ ಪಟ್ಟಣಕ್ಕೆ ಬಂದ ತಮ್ಮಂದಿರೂ ಇರುವ ಕುಟುಂಬಗಳೇ ನಮ್ಮವು. ವಲಸೆ ಬಂದವರಿಗೆ ಈ ಕಥೆ ಬರಿಯ ಧರ್ಮಬೋಧೆಯಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅಂಗಳದಲ್ಲಿ ನಡೆಯುವ ಸಂಗತಿ. ಒಂದು ಕ್ಯಾಮರಾ, ಇಬ್ಬರು ಮಾತುಗಾರರು, ಒಂದು ಮದ್ದಳೆ ಇದ್ದರೆ ಸಾಕು.

ಅಂಥದ್ದು ಬರುವವರೆಗೆ ನಮ್ಮ ಕೈಯಲ್ಲಿರುವ ಕೆಲಸ ಒಂದಿದೆ. ತಿಂಗಳಿಗೊಮ್ಮೆ ನಾಲ್ಕು ಮನೆಯವರು ಒಂದೆಡೆ ಕೂಡೋಣ, ಕ್ರೈಸ್ತರೇ ಆಗಬೇಕೆಂದಿಲ್ಲ. ಹತ್ತು ನಿಮಿಷದ ಒಂದು ವಿಡಿಯೊ, ಯಾವ ಭಾಷೆಯದಾದರೂ ಆಗಲಿ, ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ಒಟ್ಟಿಗೆ ನೋಡೋಣ. ಮುಗಿದೊಡನೆ ಮುಂದಿನದು ಬಾರದಂತೆ ಯಂತ್ರವನ್ನು ಆರಿಸೋಣ. ಆಮೇಲೆ ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತು, ಮೊದಲ ಮಾತು ಮಕ್ಕಳದು. ಮೂಲ ಕಥೆಯಲ್ಲಿ ಇದು ಇದೆಯೇ? ಇಲ್ಲದ್ದನ್ನು ಏಕೆ ಸೇರಿಸಿದರು? ಚಿಕ್ಕ ಯಾಕೋಬನಿಗೆ ನೀನಾಗಿದ್ದರೆ ಏನು ಹೇಳುತ್ತಿದ್ದೆ? ತೊದಲುಗನ್ನಡದಲ್ಲಿ ಬಂದರೂ ಚಿಂತೆಯಿಲ್ಲ. ಉತ್ತರ ಹುಡುಕಲು ಹೊರಟ ಮಗು ಪದಗಳನ್ನೂ ತಾನಾಗಿ ಹುಡುಕಿಕೊಳ್ಳುತ್ತದೆ. ಇಂದಿನ ಮಕ್ಕಳು ನಂಬಿಕೆಯನ್ನು ಬಿಟ್ಟರು, ಭಾಷೆಯನ್ನು ಬಿಟ್ಟರು ಎಂದು ನಾವು ಗೊಣಗುತ್ತೇವೆ. ಎರಡೂ ಉಳಿಯುವುದು ಕೇಳಿಸಿಕೊಳ್ಳುವುದರಿಂದಷ್ಟೇ ಅಲ್ಲ, ಎದುರು ಮಾತಾಡುವುದರಿಂದ.

ಒಂದು ಕಥೆ ನಮ್ಮನ್ನು ನಗಿಸಲಿ, ಬೇಕಾದರೆ ಅಳಿಸಲಿ. ಆದರೆ ಹಿರಿಯ ಮಗನನ್ನು ಬಾಗಿಲ ಹೊರಗೆ ನಿಲ್ಲಿಸಿ, ಮುಂದೇನೆಂದು ನಮ್ಮನ್ನು ಕೇಳುವ ಧೈರ್ಯ ಅದಕ್ಕಿರಲಿ. ಉತ್ತರ ಹೇಳುವ ವ್ಯವಧಾನವನ್ನು ನಾವು ಉಳಿಸಿಕೊಂಡಿದ್ದರೆ ಅಂಗೈಯಗಲದ ತೆರೆಯಿಂದ ಭಯವಿಲ್ಲ.